ಭಾಗ್ಯಾಳ ಟೋಪಿಯ ಬಿಲ್ಲೆ

ನಮ್ಮ ಭಾಗ್ಯಾಳ ಟೋಪಿಗೆ ಇವತ್ತು ಬೆಳಿಗ್ಗೆ ಬಿಲ್ಲೆ ಬಂತು! ಶಾಲೆಯ ಬ್ಯಾಂಡಿನ ಬಿಲ್ಲೆ, ಬೆಳ್ಳಿಯಂತೆ ಹೊಳೆಯುವುದು. ಸಿಕ್ಕಿಸಿದ ಕೈ ನನ್ನದೇ. ಊರಿನವರೇ, ನಿಮಗೆ ಹೇಳದಿದ್ದರೆ ಈ ಸಂತೋಷ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಾನು ಎರಡನೇ ಇಯತ್ತೆಯ ತನಕ ಕಲಿತವಳು. ಮಾತು ಹಿಂದುಮುಂದಾದರೆ ಸರಿಮಾಡಿಕೊಂಡು ಓದಿರಿ.

ಭಾಗ್ಯಾ ನನ್ನ ಮೊಮ್ಮಗಳು. ಇಲ್ಲೇ ಪುಣೆಯ ಹಡಪಸರದ ಶಾಲೆಯಲ್ಲಿ ಏಳನೇ ಇಯತ್ತೆ. ಆ ಶಾಲೆಯಲ್ಲಿ ಬ್ಯಾಗ್‌ಪೈಪ್ ನುಡಿಸುವ ಬ್ಯಾಂಡು ಇದೆ. ಕಂಕುಳಲ್ಲಿ ಚೀಲ ಅವುಚಿಕೊಂಡು, ಬಾಯಿಂದ ಗಾಳಿ ತುಂಬಿ, ಬೆರಳಾಡಿಸಿ ನುಡಿಸುವ ವಾದ್ಯ ಅದು. ನುಡಿಸುವವರು ಸ್ಕಾಟ್ಲೆಂಡ್ ಎಂಬ ದೂರದ ದೇಶದ ಉಡುಪು ಉಡಬೇಕು. ಚೌಕಡಿ ಬಟ್ಟೆಯ ನೆರಿಗೆ ಲಂಗ. ಅದರ ಹೆಸರು ಕಿಲ್ಟ್.

ಆ ಲಂಗ ನಾನು ಮೊದಲು ನೋಡಿದ್ದು ಸುರಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸತರಲ್ಲಿ. ದಂಡಿನವರ ರಸ್ತೆಯಲ್ಲಿ ಮೀಸೆ ಹೊತ್ತ ಗಂಡಸರು ಅದನ್ನು ಉಟ್ಟು, ಸಾಲಾಗಿ, ನುಡಿಸುತ್ತ ಬರುತ್ತಿದ್ದರು. ನಾನು ತಲೆಯ ಮೇಲಿನ ಗಂಟು ಇಳಿಸಿ ನಿಂತುಬಿಟ್ಟೆ.

“ಏನ್ರೀ ಇದು, ಗಂಡಸ್ರು ಪರಕಾರ ಉಟ್ಟಾರ!”

“ಸುಮ್ನ ನಡಿ. ನೋಡಿಕೋತ ನಿಂತ್ರ ನಾಳೆ ನನಗೂ ಒಂದು ಹೊಲಸ್ತಿ ನೀ,” ಎಂದರು ನಮ್ಮವರು.

ಆಗ ನಗುವಿಗಿಂತ ಅಳುವೇ ಹೆಚ್ಚಿತ್ತು ನನಗೆ. ಊರಲ್ಲಿ ಬಾಗಿಲಿಗೆ ಬಂದವರೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಇಲ್ಲಿ ತಗಡಿನ ಶೆಡ್ಡಿನಲ್ಲಿ ನನ್ನ ಹೆಸರು ಗೊತ್ತಿದ್ದದ್ದು ನಮ್ಮವರಿಗೆ, ಮಗನಿಗೆ ಮಾತ್ರ. ಮುಂದೆ ಬಾಡಿಗೆಗೆ ಒಂದು ಖೋಲಿ ಸಿಕ್ಕಿತು. ಖೋಲಿ ಎಂದರೆ ಮರಾಠಿಯಲ್ಲಿ ಕೋಣೆ. ನಮಗೆ ಅದೇ ಇಡೀ ಮನೆ. ಪಕ್ಕದ ಖೋಲಿಯ ಶಾಂತಾಬಾಯಿ ಮೊದಲ ದಿನವೇ ಒಂದು ಕೊಡ ನೀರು ತಂದಿಟ್ಟು ಹೆಸರು ಕೇಳಿದರು. ಆ ಹೆಂಗಸಿನ ಋಣ ನಾನು ಹೇಗೆ ತೀರಿಸಲಿ? ಮರಾಠಿ ಕಲಿಸಿದ್ದೂ ಅವರೇ, ಬೈದು ಬೈದು. ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ, ಇಲ್ಲಿ ತಾಯಿಗೆ. ಭಾಗ್ಯಾ ಸಂತೆಯಲ್ಲಿ “ಆಯಿ” ಎಂದು ಕೂಗಿದರೆ ಕಾಯಿಪಲ್ಯದವಳು ನನ್ನನ್ನು ಅವಳ ತಾಯಿ ಎಂದುಕೊಳ್ಳುತ್ತಾಳೆ. ನಾನು ತಿದ್ದಲು ಹೋಗುವುದಿಲ್ಲ.

ಈಗ ಬಿಲ್ಲೆಯ ಮಾತು. ಬ್ಯಾಂಡಿಗೆ ಸೇರಿದ ಭಾಗ್ಯಾ ಒಂದು ಸಂಜೆ ಮುಖ ಊದಿಸಿಕೊಂಡು ಬಂದಳು. “ಆಯಿ, ಎಲ್ಲಾರ ಟೋಪಿಗೂ ಬಿಲ್ಲೆ ಅದ. ನಂದಷ್ಟ ಬೋಳು.”

ಮೊಮ್ಮಗಳ ತಲೆ ಬೋಳು ಎನ್ನಿಸಿಕೊಂಡರೆ ಯಾವ ಅಜ್ಜಿ ತಡೆದಾಳು? ಹಳೆಯ ಸಾಮಾನು ಮಾರುವ ಜುನಾ ಬಜಾರಕ್ಕೆ ಹೋಗಿ ಹುಡುಕಿದೆ. ಕೋಡುಳ್ಳ ಜಿಂಕೆಯ ತಲೆ, ಸುತ್ತಲೂ ಬಕಲ್ ಇರುವ ಪಟ್ಟಿ, ಅಂಥದ್ದೊಂದು ಬಿಲ್ಲೆ ಸಿಕ್ಕಿತು. ಹುಣಸೆಹಣ್ಣು ಹಚ್ಚಿ ತಿಕ್ಕಿ ಟೋಪಿಗೆ ಸಿಕ್ಕಿಸಿದೆ. ಗಾಳಿಗೆ ಲಂಗ ಹಾರಬಾರದೆಂದು ಅದರ ಮುಂದಿನ ದೊಡ್ಡ ಪಿನ್ನನ್ನು ಎರಡೂ ಪದರಕ್ಕೆ ಸೇರಿಸಿ ಚುಚ್ಚಿದೆ.

ಮರುದಿನ ಹುಡುಗಿ ಅಳುತ್ತ ಬಂದಳು. ಬ್ಯಾಂಡಿನ ಮಾಸ್ತರರು ಎಲ್ಲರ ಮುಂದೆ ಬಿಲ್ಲೆ ತೆಗೆಸಿದ್ದರು. ಮನೆಯ ಹಿರಿಯರು ಬಂದು ಮಾತಾಡುವವರೆಗೆ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ ಎಂದಿದ್ದರು.

“ನಾ ಇನ್ನ ಬ್ಯಾಂಡಿಗೆ ಹೋಗಂಗಿಲ್ಲ. ನೀ ಯಾಕ ತಂದಿ ಅದನ್ನ?”

ಜನವರಿ ಇಪ್ಪತ್ತಾರರ ಝಂಡಾ ದಿನ ಹತ್ತಿರವಿತ್ತು. ಆ ದಿನ ಹಡಪಸರದ ರಸ್ತೆಯಲ್ಲಿ ನುಡಿಸುತ್ತ ನಡೆಯಬೇಕೆಂದು ಹುಡುಗಿ ಮಳೆಗಾಲದಿಂದ ಕನಸು ಕಂಡಿದ್ದಳು. ನನ್ನ ಕೈಯಿಂದಲೇ ಅದು ಹಾಳಾಯಿತಲ್ಲ ಎಂದು ಆ ದಿನ ಅನ್ನ ಸೇರಲಿಲ್ಲ.

ಮಾಸ್ತರರು ದಂಡಿನ ಬ್ಯಾಂಡಿನಿಂದ ನಿವೃತ್ತರಾದವರು. ಶಾಲೆಗೆ ಹೋಗಿ ಅವರ ಮುಂದೆ ನಿಂತು ನನಗೆ ಬಂದಷ್ಟು ಮರಾಠಿ ಆಡಿದೆ. ಎರಡು ಮಾತಿಗೇ ಮುಗಿದುಹೋಯಿತು. “ಅಯ್ಯ ಶಿವನ, ಹೆಂಗ ಹೇಳ್ಲಿ ಇವರಿಗೆ,” ಎಂದು ಗೊಣಗಿಕೊಂಡೆ.

ಅವರು ತಲೆ ಎತ್ತಿದರು. “ಕನ್ನಡದವ್ರೇನ್ರಿ? ಮೊದಲ ಹೇಳಬಾರದ? ನಾ ಬೆಳಗಾವಿ ಕಡೆಯಾವ. ಕೂಡ್ರಿ.”

ನನಗೆ ಅರ್ಧ ಜೀವ ಬಂತು. ಅವರು ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತೋರಿಸಿದರು. “ಆ ದೇಶದಾಗ ಒಂದೊಂದು ಕುಲಕ್ಕ ಒಂದೊಂದು ಗುರ್ತ ಇರ್ತದ್ರಿ. ಸುತ್ತ ಪಟ್ಟಿ ಇದ್ದದ್ದು ಕುಲದ ಮಂದಿ ಹಾಕೋದು. ಪಟ್ಟಿ ಇಲ್ಲದ್ದು ಕುಲದ ಹಿರಿಯ ಒಬ್ಬನ ಹಾಕೋದು. ಹಿಂದಕ ತಮ್ಮ ಕುಲದ ಗಿಡದ ಕುಡಿನೂ ಟೋಪಿಗೆ ಸಿಗಿಸ್ತಿದ್ರಂತ. ಹೊರಗಿನವ್ರು ಇದನ್ನ ಹಾಕಬಾರದು.”

“ಅಂದ್ರ ಇದು ಬೆಡಗು ಅನ್ರಿ!”

“ಹೌದ್ರಿ, ಬೆಡಗ.”

ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಬೆಡಗು ಎಂದರೆ ನಮ್ಮಲ್ಲಿ ಕುಲ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಹೆಣ್ಣು ಕೊಟ್ಟು ತರುವ ಮಾತೇ ಇಲ್ಲ. ನಮ್ಮ ಬೆಡಗಿನವರು ಬನ್ನಿಗಿಡಕ್ಕೆ ಕೊಡಲಿ ಹಾಕುವುದಿಲ್ಲ. ಶಾಂತಾಬಾಯಿಯ ಮಗಳ ಮದುವೆಯಲ್ಲೂ ಒಂದು ಗಿಡದ ಟೊಂಗೆ ಕಟ್ಟಿ ಪೂಜೆ ಮಾಡಿದ್ದರು. ಅದು ಅವರ ಕುಲದ ಗುರುತು, ದೇವಕ ಎಂದಿದ್ದರು. ಸೊಸೆ ತರುವಾಗ ಬೆಡಗು ಕೇಳದೆ ಹೊಸಲು ದಾಟದ ನಾನು, ಯಾರದೋ ಬೆಡಗನ್ನು ಬಜಾರದಿಂದ ತಂದು ಮೊಮ್ಮಗಳ ತಲೆಗೆ ಏರಿಸಿದ್ದೆ!

“ಹಂಗಾರ ನಮ್ಮ ಹುಡುಗಿ ಟೋಪಿಗೆ ಏನ್ರಿ?”

“ಬ್ಯಾಂಡಿನ ಬಿಲ್ಲೆ. ಒಂದ ಒಂದು, ಅದೂ ಎಡಗಡೆ. ಉಸಿರು ಹರೀದಂಗ, ಹೆಜ್ಜಿ ತಪ್ಪದಂಗ, ನಡಕೋತ ನುಡಿಸಿದವ್ರಿಗೆ ಸಿಗ್ತದ. ಅಲ್ಲೀತನಕ ಬೋಳು ಇರ್ಲಿ, ಅದರಾಗ ನಾಚಿಕಿ ಇಲ್ಲ. ಮತ್ತ ಆ ಪಿನ್ನು ಮ್ಯಾಲಿನ ಪದರಕ್ಕಷ್ಟ ಹಾಕ್ರಿ. ಎರಡೂ ಕೂಡಿಸಿ ಚುಚ್ಚೀರಿ, ಹುಡುಗಿ ಕಪ್ಪಿ ಕುಣಿದಂಗ ಕುಣೀತಿತ್ತು.”

ಭಾಗ್ಯಾಳಿಗೆ ಎಲ್ಲ ಹೇಳಿದೆ. ಮರುದಿನ ತಾನೇ ಎದ್ದು ಬೋಳು ಟೋಪಿ ಹಾಕಿಕೊಂಡು ಬ್ಯಾಂಡಿಗೆ ಹೋದಳು. ಮನೆಯ ಮುಂದಿನ ಸಂದಿಯಲ್ಲಿ ಗಾಳಿ ಹಿಡಿದು ಹೆಜ್ಜೆ ಹಾಕುವುದೇ ಹಾಕುವುದು. “ಎಮ್ಮಿ ಈದಂಗ ಸಪ್ಪಳ ಮಾಡ್ತಾಳ,” ಎಂದು ನಮ್ಮವರು ಕಾಡುತ್ತಿದ್ದರು, ಆದರೆ ಅವಳ ಹೆಜ್ಜೆಗೆ ಚಪ್ಪಾಳೆ ತಟ್ಟುತ್ತಿದ್ದವರೂ ಅವರೇ.

ಇವತ್ತು ಬೆಳಿಗ್ಗೆ ಪರೀಕ್ಷೆ. ನಾನು ಮೈದಾನದ ಅಂಚಿನಲ್ಲಿ ನಿಂತಿದ್ದೆ. ಅರ್ಧ ಸುತ್ತಿಗೆ ಅವಳ ಮುಖ ಕೆಂಪಾಯಿತು, ಸ್ವರ ಸಣ್ಣಗಾಯಿತು. ಇನ್ನೇನು ಹರಿಯಿತು ಎಂದು ನಾನು ಸೆರಗು ಕಚ್ಚಿದೆ. ಹುಡುಗಿ ಮೊಳಕೈ ಒತ್ತಿ ಚೀಲ ಹಿಂಡಿದಳು. ಸ್ವರ ಮೇಲೆದ್ದಿತು, ಹೆಜ್ಜೆ ನಿಲ್ಲಲಿಲ್ಲ. ಸುತ್ತು ಪೂರಾ ಮಾಡಿ ಮಾಸ್ತರರ ಮುಂದೆ ಬಂದು ನಿಂತಳು.

ಅವರು ಬಿಲ್ಲೆ ತೆಗೆದು ನನ್ನ ಕಡೆ ಚಾಚಿದರು. “ಬರ್ರಿ. ನಿಮ್ಮ ಕೈಲೇ ಆಗ್ಲಿ.”

ಕಲ್ಲುಮಣ್ಣು ಹೊತ್ತ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಎಡಗಡೆಯೇ ಸಿಕ್ಕಿಸಿದೆ. ಝಂಡಾ ದಿನದ ಸಾಲಿನಲ್ಲಿ ಇನ್ನು ಅವಳೂ ಒಬ್ಬಳು.

ಸಂಜೆ ಖರಾಡಿ ಕಡೆಯ ಕೆಲಸದಿಂದ ಮಗ ಬಂದ. ಸೊಸೆ ರೊಟ್ಟಿ, ಶೇಂಗಾ ಹೋಳಿಗೆ ಮಾಡಿದಳು, ಶಾಂತಾಬಾಯಿ ಪಿಠಲ, ಭಾಕರಿ ತಂದರು. ಪಿಠಲ ಎಂದರೆ ಕಡಲೆಹಿಟ್ಟಿನ ನಮ್ಮ ಜುನಕವೇ, ಸ್ವಲ್ಪ ತೆಳ್ಳಗೆ; ಭಾಕರಿ ಎಂದರೆ ನಮ್ಮ ರೊಟ್ಟಿಯೇ. ಎಲ್ಲರೂ ಸುತ್ತ ಕೂತೆವು. ಭಾಗ್ಯಾ ಟೋಪಿ ತೆಗೆಯಲೊಲ್ಲಳು.

“ಊರಿಗೆ ಹ್ವಾದಾಗ ಯಾರರ ಬೆಡಗು ಕೇಳಿದ್ರ ಏನ್ ಹೇಳ್ತಿ? ಬ್ಯಾಂಡು ಅಂತಿ?” ಎಂದರು ನಮ್ಮವರು.

“ಮೊದಲ ಊಟ ಮಾಡಗೊಡು ಮುತ್ಯಾ,” ಎಂದಳು. ಬಲಕ್ಕೆ ತಿರುಗಿ, “ಕಾಕು, ಭಾಕರಿ ದ್ಯಾ,” ಎಂದಳು ಶಾಂತಾಬಾಯಿಗೆ. ಎಡಕ್ಕೆ ತಿರುಗಿ, “ಆಯಿ, ರೊಟ್ಟಿ ಕೊಡು,” ಎಂದಳು ನನಗೆ. ಎರಡು ಕೈ ಒಟ್ಟಿಗೇ ಅವಳ ತಾಟಿಗೆ ಹೋದವು. ಹುಡುಗಿ ಎರಡನ್ನೂ ಮುರಿದು ತಿಂದಳು.