ಕೊಟ್ಟಿಗೆಯಲ್ಲಿ ಮಲಗುತ್ತಿದ್ದ ಪುಟ್ಟಸ್ವಾಮಿ

ತೊಂಬತ್ತರ ದಶಕದ ಮಧ್ಯಭಾಗ. ನಾನಾಗ ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿ. ಆ ಚಳಿಗಾಲದಲ್ಲಿ ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಜ್ವರ, ಊರಿಂದೂರಿಗೆ ಹಬ್ಬಿತ್ತು. ಹಂದಿಜ್ವರ ಎಂಬ ಮಾತು ನಮ್ಮ ಕಡೆ ಇನ್ನೂ ಯಾರ ಬಾಯಲ್ಲೂ ಇರಲಿಲ್ಲ. ಆದರೆ ಹರಡುವ ದಾರಿ ಅದೇ: ಕೆಮ್ಮು, ಸೀನು, ಅದರ ಹನಿ ತಗುಲಿದ ಕೈ.

ಕಿರಂಗೂರಿನ ಪುಟ್ಟಸ್ವಾಮಿ ಪಾಂಡವಪುರದ ಹತ್ತಿರದ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ. ಅಲ್ಲಿ ಆಳುಗಳೆಲ್ಲ ಒಂದೇ ಸೂರಿನಡಿ ಮಲಗುವವರು. ಅವನು ಜ್ವರ ಹತ್ತಿಸಿಕೊಂಡು ಮನೆಗೆ ಬಂದ. ತಾಯಿ ನಿಂಗಮ್ಮ ಪಕ್ಕದಲ್ಲೇ ಕೂತು ಸೆರಗಿನಿಂದ ಮೂಗು ಒರೆಸಿ, ಗಂಜಿ ಕುಡಿಸಿದಳು. ಮಗ ಎದ್ದು ಓಡಾಡುವ ಹೊತ್ತಿಗೆ ತಾಯಿ ಮಲಗಿದಳು. ಮೊದಲೇ ದಮ್ಮು ಇದ್ದ ಜೀವ. ಫ್ಲೂ ನ್ಯುಮೋನಿಯಾಕ್ಕೆ ತಿರುಗಿ, ನಮ್ಮಲ್ಲಿಗೆ ತರುವಷ್ಟರಲ್ಲಿ ಮಾತು ನಿಂತಿತ್ತು. ಉಳಿಯಲಿಲ್ಲ.

ತಿಥಿ ಮುಗಿದು ಕೆಲವು ದಿನಗಳಾಗಿದ್ದವು. ನಮ್ಮ ದಾದಿ ಬಂದು, ಪುಟ್ಟಸ್ವಾಮಿಯ ಬಸುರಿ ಹೆಂಡತಿ ಸಾವಿತ್ರಿಗೂ ಜ್ವರ ಎಂದಳು. ಜೀಪಿನಲ್ಲಿ ಹೋದೆವು. ಸಾವಿತ್ರಿ ಒಬ್ಬಳೇ ಗೋಡೆಗೊರಗಿ ಕೂತಿದ್ದಳು. ಏಳು ತಿಂಗಳು ತುಂಬಿತ್ತು. ಉಸಿರು ಜೋರಾಗಿತ್ತು, ತುಟಿ ನೀಲಿಗೆ ತಿರುಗಿತ್ತು.

“ನಿನ್ನ ಗಂಡ ಎಲ್ಲಮ್ಮ?” ಎಂದೆ.

“ಕೊಟ್ಟಿಗೇಲವ್ರೆ. ಅತ್ತೆ ಓದಾಗಿಂದ ಒಳೀಕೇ ಬರಾಕಿಲ್ಲ. ನನ್ನ ಕಂಡ್ರೆ ಆಗಾಕಿಲ್ವೇನೋ, ನೀವೇ ಕೇಳಿ ಡಾಕ್ಟ್ರಮ್ಮ.”

ಕೊಟ್ಟಿಗೆಯಲ್ಲಿ ದನಗಳ ಪಕ್ಕ ಗೋಣಿತಾಟು ಹಾಸಿಕೊಂಡು ಕೂತಿದ್ದ. ತಟ್ಟೆ, ಚೊಂಬು ಎಲ್ಲ ಬೇರೆ. ನನ್ನನ್ನು ಕಂಡವನೇ ಹಿಂದಕ್ಕೆ ಸರಿದ.

“ಹತ್ರ ಬರಬ್ಯಾಡಿ. ಅವ್ವನ್ನ ನಾನೇ ಕೊಂದ್ಬುಟ್ಟೆ. ಇವಳ್ನೂ ಮುಟ್ಟಿ ಕಳ್ಕೊಳ್ಳಾ?”

ಸಾವಿತ್ರಿಯನ್ನು ತಕ್ಷಣ ಮೈಸೂರಿಗೆ ಸೇರಿಸಿ ಆಕ್ಸಿಜನ್ ಕೊಡಿಸಬೇಕಿತ್ತು. ಬಸುರಿಯರಲ್ಲಿ ಈ ಜ್ವರ ಬೇಗ ಶ್ವಾಸಕೋಶಕ್ಕೆ ಇಳಿಯುತ್ತದೆ. ದಾರಿಯುದ್ದಕ್ಕೂ ಅವಳನ್ನು ಒರಗಿಸಿ ಹಿಡಿದುಕೊಳ್ಳಲು, ಆಸ್ಪತ್ರೆಯಲ್ಲಿ ಜೊತೆಗಿರಲು ಒಬ್ಬರು ಬೇಕು. ಅಕ್ಕಪಕ್ಕದವರು ಅಂಗಳಕ್ಕೂ ಬರಲಿಲ್ಲ.

“ಕೇಳಪ್ಪ, ಫ್ಲೂ ಬಂದವರಿಂದ ಹೆಚ್ಚೆಂದರೆ ಒಂದು ವಾರ ಅಂಟುತ್ತದೆ. ನಿನ್ನದು ಯಾವಾಗಲೋ ಮುಗಿದಿದೆ. ಇವಳಿಗೆ ಬಂದದ್ದು ಊರಲ್ಲಿ ಹಬ್ಬಿರುವುದರಿಂದ, ನಿನ್ನಿಂದಲ್ಲ. ಬಂದು ವಾಸಿಯಾದ ಮೈಗೆ ಅದೇ ಜ್ವರ ಇಷ್ಟು ಬೇಗ ತಿರುಗಿ ಬರುವುದೂ ಅಪರೂಪ. ಈಗ ಅವಳ ಹತ್ತಿರ ಕೂರಲು ನಿನಗಿಂತ ತಕ್ಕವರು ಈ ಊರಲ್ಲಿ ಇಲ್ಲ.”

ಅವನು ನನ್ನ ಮುಖವನ್ನೇ ನೋಡುತ್ತಿದ್ದ. “ದಿಟವಾ?” ಎಂದ. ಹೌದು ಎಂದೆ. ಎದ್ದು ಕೈ ತೊಳೆದ. ತೊಳೆದೇ ತೊಳೆದ, ಕೊನೆಗೆ ದಾದಿಯೇ ಚೊಂಬು ಕಿತ್ತುಕೊಳ್ಳಬೇಕಾಯಿತು. ಒಳಗೆ ಹೋಗಿ ಹೆಂಡತಿಯನ್ನು ಎತ್ತಿಕೊಂಡು ಬಂದ. ಅವಳು ಅವನ ಭುಜಕ್ಕೆ ತಲೆಯಿಟ್ಟು, “ಈಗ ಬಂದ್ರಾ” ಎಂದಳು, ಅಷ್ಟೇ. ಮೈಸೂರು ಮುಟ್ಟುವವರೆಗೂ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು ಉಸಿರಾಡುತ್ತಿದ್ದ. ನನ್ನ ಮಾತನ್ನು ಅರ್ಧವಷ್ಟೇ ನಂಬಿದ್ದ.

ಸಾವಿತ್ರಿ ಉಳಿದಳು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗುವೂ ಉಳಿಯಿತು. ಮಗುವಿಗೆ ಲಸಿಕೆ ಹಾಕಿಸಲು ಬಂದ ದಿನ ಪುಟ್ಟಸ್ವಾಮಿ ಉಳಿದವರೆಲ್ಲ ಹೋಗುವವರೆಗೆ ಕಾದಿದ್ದು ಕೇಳಿದ:

“ಹತ್ರ ಬರಬ್ಯಾಡ ಅಂದಿದ್ರೆ ಅವ್ವ ಉಳ್ಕೋತಿದ್ಲಾ?”

ಇಲ್ಲ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಉಳಿಯುತ್ತಿದ್ದಳೇನೋ. ಆದರೆ ನಿನಗದು ಗೊತ್ತಿರಲಿಲ್ಲ. ಹೇಳಿದ್ದರೂ ಅವಳು ಬಾರದೆ ಇರುತ್ತಿದ್ದಳಾ?” ಎಂದೆ. ಅವನು ತಲೆಯಾಡಿಸಿದ. ಒಪ್ಪಿದನೋ ಇಲ್ಲವೋ ನನಗೆ ತಿಳಿಯಲಿಲ್ಲ.

2009ರಲ್ಲಿ ಹಂದಿಜ್ವರ ಬಂದಾಗ ಊರೂರು ತಿರುಗಿ ಭಾಷಣ ಮಾಡಿದೆ. ಕೆಮ್ಮುವಾಗ ಬಾಯಿ ಮುಚ್ಚಿ, ಸೋಪು ಹಾಕಿ ಕೈ ತೊಳೆಯಿರಿ, ಜ್ವರ ಬಂದವರನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಬಸುರಿಯರನ್ನೂ ಮುದುಕರನ್ನೂ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಎಲ್ಲ ಹೇಳಿ ಮುಗಿಸಿ ಇನ್ನೊಂದು ಮಾತು ಸೇರಿಸುತ್ತಿದ್ದೆ: ಯಾರಿಂದ ಬಂತು ಎಂದು ಮಾತ್ರ ಮನೆಯಲ್ಲಿ ಕೇಳಬೇಡಿ.