ತಲೆ ಎಂದು ಕೂಗುವವರು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಸೊರಬದ ನಮ್ಮ ಹಳೆಯ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ನನ್ನ ನೆನಪಿನಲ್ಲಿ ತೀರಾ ಎತ್ತರದವರು. ಸೋದರತ್ತೆಯನ್ನು ಕೇಳಿದರೆ, "ಎಂತ ಎತ್ತರ? ನಿಂಗೆ ಆವಾಗ ಎಲ್ಲರೂ ಎತ್ತರವೇ" ಎನ್ನುತ್ತಾರೆ. ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಮೇಜಿನ ಮೇಲಿರುವ ಗುಂಡನೆಯ ಕರಿ ಸ್ವಿಚ್ಚು. ವೈರಿಂಗ್ ಬದಲಿಸಿದವರು ಆ ಮನೆಯಿಂದ ಕಿತ್ತು ಕೊಟ್ಟದ್ದು. ಮೂಗಿನ ಹತ್ತಿರ ಹಿಡಿದರೆ ಇನ್ನೂ ಸುಟ್ಟ ವಾಸನೆ.

ಆ ಮನೆಯ ನಡುಬಾಗಿಲು ಗಿಡ್ಡ. ಮೇಲಿನ ಅಡ್ಡಪಟ್ಟಿಯಲ್ಲಿ ಮುತ್ತಜ್ಜ ಕೆತ್ತಿಸಿದ ತಾವರೆ. ಅಲ್ಲಿ ಬೆಳೆದ ನಾವು ನಮಗೇ ಗೊತ್ತಿಲ್ಲದೆ ಬಗ್ಗುತ್ತಿದ್ದೆವು. ಮುಂದೆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ಆನೆ ಹೋಗುವಷ್ಟು ಎತ್ತರದ ಬಾಗಿಲಿಗೂ ನಾನು ತಲೆ ತಗ್ಗಿಸುತ್ತಿದ್ದೆ. ಗೆಳತಿಯರು ಅದನ್ನು ವಿನಯ ಎಂದುಕೊಂಡರು. ನೀವೇ ಹೇಳಿ, ಅಂಥ ಹೆಸರನ್ನು ಯಾರು ತಿದ್ದಲು ಹೋಗುತ್ತಾರೆ?

ಹಿಂಭಾಗದಲ್ಲಿ ಅತ್ತೆ ಮತ್ತು ನಾವು, ಮುಂಭಾಗದಲ್ಲಿ ಮೇಷ್ಟ್ರ ಸಂಸಾರ. ಬಚ್ಚಲಿಗೆ ಹೋಗಲು ಮೇಷ್ಟ್ರು ನಡುಬಾಗಿಲು ದಾಟಲೇಬೇಕು. ಚಿಲಕ ಟಕ್ ಎಂದರೆ ಸಾಕು, ಅಡುಗೆಮನೆಯಿಂದ ಅತ್ತೆಯ ಕೂಗು: "ತಲೆ ರೀ, ಮೇಷ್ಟ್ರೇ!"

"ಬಗ್ಗಿಸಿದೆ ರೀ! ಶಾಲೇಲಿ ನಾನು ಹಾಜರಿ ಕೂಗ್ತೀನಿ, ಇಲ್ಲಿ ನೀವು."

ಮನೆ ಕೊಟ್ಟ ಮೇಲೆ ಬಾಡಿಗೆಯವರ ತಲೆಯೂ ತಮ್ಮ ಜವಾಬ್ದಾರಿ ಎಂದು ಅತ್ತೆ ನಂಬಿದ್ದರು. ಬಾಗಿಲನ್ನೇ ಬದಲಿಸಬಹುದೆಂದು ಮಾತ್ರ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಢಬ್ಬೆಂದು ಸದ್ದಾದಾಗ ಅರಿಶಿನದ ಡಬ್ಬಿ ಹಿಡಿದು ಓಡಿದರು. "ಅಯ್ಯೋ, ಒಗ್ಗರಣೆ ಹಾಕ್ತಿದ್ದೆ ಮಾರಾಯ್ರೇ, ಚಿಲಕ ಕೇಳ್ಲಿಲ್ಲ!"

ಮೇಷ್ಟ್ರು ಹಣೆ ಒತ್ತಿಕೊಂಡೇ, "ಸಾರಾದ್ರೂ ಚೆನ್ನಾಗಾಗಿದ್ಯಾ?" ಎಂದರು. ಆ ದಿನ ಸಾರು ಅವರಿಗೂ ಹೋಯಿತು. ಅಥವಾ ಹೋಯಿತೆಂದು ನಾನೇ ಸೇರಿಸಿಕೊಂಡಿದ್ದೇನೋ.

ಈಗ ಅತ್ತೆ ಶಿಕಾರಿಪುರದಲ್ಲಿ ನನ್ನ ಜೊತೆಗಿದ್ದಾರೆ. ಮನೆ ಇನ್ನೂ ಅವರದೇ. ಸೊರಬಕ್ಕೆ ವರ್ಗವಾಗಿ ಬಂದ ನರ್ಸೊಬ್ಬರು ಇಡೀ ಮನೆಯನ್ನು ಬಾಡಿಗೆಗೆ ಕೇಳಿದ್ದಾರೆ. ವೈರಿಂಗ್ ಆಯಿತು, ಅಟ್ಟದ ಮೆಟ್ಟಿಲಿಗೆ ಹಿಡಿಕಂಬಿ ಬಂತು, ಬಾವಿಗೆ ಜಾಲರಿ ಬಿತ್ತು. ಎಲ್ಲ ನೋಡಿದ ನರ್ಸು ನಡುಬಾಗಿಲ ಮುಂದೆ ನಿಂತುಬಿಟ್ಟರು. "ಎಲ್ಲಾ ಚಲೋ ಐತ್ರಿ. ಆದ್ರ ನಮ್ಮ ಅತ್ತಿಯವ್ರಿಗೆ ಕಣ್ಣು ಮಂಜು. ಇದೊಂದು..."

ಎತ್ತರಿಸಬೇಕಾದರೆ ತಾವರೆ ಕೊಯ್ಯಬೇಕು ಎಂದರು ಬಡಗಿ. ತಾವರೆ ಹೋಗುವುದಕ್ಕೆ ನನಗೂ ಮನಸ್ಸಿಲ್ಲ. ಆದರೂ ಬಾಗಿಲು ಸರಿಯಾಗುವವರೆಗೆ ಬೀಗದ ಕೈ ಕೊಡುವುದಿಲ್ಲವೆಂದು ನರ್ಸಿಗೆ ಹೇಳಿ ಬಂದೆ. ಅತ್ತೆ ಒಪ್ಪಲಿಲ್ಲ.

"ಎಂತಕ್ಕೆ ಕೊಯ್ಸ್ತೀಯೇ? ‘ತಲೆ’ ಅಂದ್ರಾತಲ್ಲೇ!"

ಹಾಗೆನ್ನುತ್ತ ಅವರು ಮೇಜಿನ ಮೇಲಿನ ಕರಿ ಸ್ವಿಚ್ಚನ್ನು ಒತ್ತಿದರು. ಟಕ್. ಕುಳಿತಲ್ಲೇ ನನ್ನ ತಲೆ ತಗ್ಗಿತು. ಅತ್ತೆ ನಕ್ಕರು, ನಾನೂ ನಕ್ಕೆ. ಆಮೇಲೆ ನಾನು ಕೇಳಿದೆ:

"ಅಲ್ಲಿ ಕೂಗೋಕೆ ಈಗ ಯಾರಿದ್ದಾರೆ, ಅತ್ತೆ?"