ಬೈಯದವರ ಊರಿಗೆ

ಬೆಳಿಗ್ಗೆ ಕೆಲಸದ ಕೋಣೆಗೆ ಬಂದವಳೇ ಅವಳು ಬಕೆಟ್ಟಿಗೆ ಬಿಸಿನೀರು ಸುರಿದು ಮಣಿಕಟ್ಟಿನವರೆಗೆ ಕೈ ಅದ್ದಿ ನಿಲ್ಲುತ್ತಿದ್ದಳು. ಕತ್ತರಿಸಿ ಉಳಿದ ಕಾಲನ್ನು ತಣ್ಣನೆಯ ಕೈ ಮುಟ್ಟಿದರೆ ಮನುಷ್ಯ ಬೆಚ್ಚಿಬೀಳುತ್ತಾನೆ, ಮಾಂಸ ಬಿಗಿಯಾಗುತ್ತದೆ, ಬಿಗಿದ ಮಾಂಸ ತಪ್ಪು ಅಳತೆ ಕೊಡುತ್ತದೆ. ಕೈ ಕೆಂಪೇರುವವರೆಗೂ ಮನಸ್ಸಿನಲ್ಲಿ ದೇವರ ಹತ್ತಿರ ಒಂದೇ ಮಾತು: ಇವತ್ತು ನನ್ನಿಂದ ಯಾರ ನೋವೂ ಹೆಚ್ಚದಿರಲಿ. ಮೈಯಲ್ಲಿ ಜ್ವರವಿದ್ದ ದಿನವೂ ಇದು ತಪ್ಪಿದ್ದಿಲ್ಲ.

ಆಸ್ಪತ್ರೆಯ ಹಿಂಭಾಗದ ಆ ಉದ್ದನೆಯ ಕೋಣೆಯಲ್ಲಿ ಅವಳು ಕೃತಕ ಕಾಲು ಮಾಡುತ್ತಿದ್ದಳು. ಪ್ಲಾಸ್ಟರಿನ ಅಚ್ಚು ತೆಗೆದು, ಅರದಿಂದ ಉಜ್ಜಿ, ಅದರ ಮೇಲೆ ಕಾಲು ಕೂರುವ ಬಟ್ಟಲು ಮಾಡಿ, ಕೆಳಗೆ ಪಾದ ಜೋಡಿಸಿ, ಕೊನೆಗೆ ಎರಡು ಕಂಬಿಗಳ ನಡುವೆ ರೋಗಿಯನ್ನು ನಡೆಸಿ ನೋಡುವುದು. ಆ ಕೋಣೆಯಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸವೇ. ಅವಳ ರೀತಿ ಮಾತ್ರ ಬೇರೆ.

"ನನ್ನ ಹತ್ರ ಮರ್ಯಾದೆ ಗಿರ್ಯಾದೆ ಬೇಡ," ಎನ್ನುತ್ತಿದ್ದಳು ಹೊಸಬರಿಗೆ. "ನೋವಾಯ್ತಾ, ಬಾಯಿಗೆ ಬಂದ ಹಾಗೆ ಬೈದುಬಿಡಿ."

ಬೈಯುತ್ತಿದ್ದರು. ಲಾರಿ ಓಡಿಸುತ್ತಿದ್ದವನೊಬ್ಬ ಅವಳ ವಂಶವನ್ನೆಲ್ಲ ಎಳೆದು ತಂದು ಕಂಬಿಗಳ ನಡುವೆ ನಿಲ್ಲಿಸಿದ್ದ. ಇರುವೆಗೂ ದಾರಿ ಬಿಟ್ಟು ನಡೆಯುವಂಥ ಟೀಚರಮ್ಮ ಕೂಡ, "ನಿನ್ನ ಕೈ ಸೇದಿಹೋಗ!" ಎಂದು ಕೂಗಿ, ಆಮೇಲೆ ಬಾಯಿ ಮುಚ್ಚಿಕೊಂಡು ಅತ್ತಿದ್ದರು. ಬೈಗುಳ ಹಿಮ್ಮಡಿ ಊರುವಾಗ ಬಂತೋ, ಕಾಲೆತ್ತುವಾಗ ಬಂತೋ ಎಂದು ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಬಟ್ಟಲು ಎಲ್ಲಿ ಒತ್ತುತ್ತಿದೆ ಎಂಬುದು ಅದರಲ್ಲೇ ತಿಳಿಯುತ್ತಿತ್ತು. ಆಸ್ಪತ್ರೆಯಲ್ಲೆಲ್ಲ ಅವಳ ಹೆಸರೇ ಬೈಗುಳದಕ್ಕ.

ಬೈಗುಳದಕ್ಕನನ್ನು ಎಂಟು ತಿಂಗಳ ಮಟ್ಟಿಗೆ ಹೊರದೇಶದ ಆಸ್ಪತ್ರೆಯೊಂದಕ್ಕೆ ಕಳಿಸುವುದೆಂದು ಗೊತ್ತಾಯಿತು. ಅಲ್ಲಿ ಕಾಲು ಕಳೆದುಕೊಂಡವರು ಬಹಳ, ಮಾಡಿಕೊಡುವ ಕೈ ಕಡಿಮೆ. ಅವಳೂ ಹಿಗ್ಗಿನಿಂದಲೇ ಒಪ್ಪಿಕೊಂಡಳು. ಆ ಹಿಗ್ಗು ಮಾರನೆಯ ದಿನದ ಚಹಾ ಹೊತ್ತಿನವರೆಗೆ ಉಳಿಯಿತು. ಹಿಂದಿನ ವರ್ಷ ಅಲ್ಲಿದ್ದು ಬಂದಿದ್ದ ಪ್ಲಾಸ್ಟರಣ್ಣ, ಅಚ್ಚು ತೆಗೆಯುವ ಕೆಲಸದವನು, ಲೋಟ ಹಿಡಿದು ಪಕ್ಕದಲ್ಲಿ ಕೂತ.

"ಜನ ಬಂಗಾರದಂಥೋರು ಕಣಕ್ಕ. ಆದರೆ ಅಲ್ಲಿ ಯಾರೂ ಬೈಯಲ್ಲ."

"ಬೈಯದೆ ಏನ್ ಮಾಡ್ತಾರೆ?"

"ನಗ್ತಾರೆ. ನೋವು ಅಂತ ಬಾಯಿಬಿಡೋದೇ ಅವರಿಗೆ ನಾಚಿಕೆ. ಅದೂ ಕಾಲು ಮಾಡಿಕೊಟ್ಟವರ ಮುಂದೆ ಅಂದ್ರೆ, ಉಪಕಾರ ಮಾಡಿದವರ ಮುಖಕ್ಕೆ ಉಗಿದ ಹಾಗಂತೆ. ಒಬ್ಬ ಇಡೀ ದಿನ ನಗ್ತಾ ನಡೆದ. ಸಂಜೆ ಬಿಚ್ಚಿ ನೋಡಿದ್ರೆ ಒಳಗೆ ತೊಟ್ಟಿದ್ದ ಕಾಲುಚೀಲವೆಲ್ಲ ರಕ್ತ. ಆಗಲೂ ನನಗೆ ತಲೆ ಬಾಗಿಸಿ ಹೋದ."

"ಆಮೇಲೆ?"

ಪ್ಲಾಸ್ಟರಣ್ಣ ಚಹಾ ಕುಡಿದು ಮುಗಿಸಿದ. "ಗಾಯ ಕೀವಾಯ್ತು. ಇನ್ನಷ್ಟು ಮೇಲಕ್ಕೆ ಕತ್ತರಿಸಬೇಕಾಯ್ತು."

ಆ ಮಾತು ಅವಳ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತು. ಮನೆಯಲ್ಲಿ ಹೇಳಿಕೊಂಡರೆ ಗಂಡ ನಕ್ಕುಬಿಟ್ಟ. "ಬೈಯೋರೇ ಇಲ್ಲದ ಊರಾ? ಹಾಗಾದ್ರೆ ನೀನು ಇಲ್ಲೇ ಇರು, ನಾನು ಹೋಗ್ತೀನಿ."

"ನಾನೂ ಬರ್ತೀನಿ ಬಿಡಮ್ಮ," ಎಂದರು ಅತ್ತೆ, ಬಟ್ಟೆ ಮಡಚುತ್ತ. "ಅವರ ಪರವಾಗಿ ನಾನೇ ನಿನ್ನನ್ನ ಬೈತೀನಿ. ನನಗೇನು ಹೇಳಿಕೊಡಬೇಕಾ?"

ಅವಳೂ ನಕ್ಕಳು. ಆದರೆ ತಟ್ಟೆಗೆ ಬಡಿಸಿಕೊಂಡದ್ದು ಹಾಗೇ ಉಳಿಯಿತು.

ವಿಭಾಗದ ಮೇಡಂ ಒಂದು ಉಪಾಯ ಮಾಡಿದರು. ಅದೇ ದೇಶದ ಮುದುಕರೊಬ್ಬರು ಈ ಊರಿನಲ್ಲಿ ಮಗನ ಮನೆಯಲ್ಲಿದ್ದರು. ಗಡಿಯಾರ ರಿಪೇರಿ ಮಾಡಿ ಬದುಕಿದವರು. ಮೊಣಕಾಲಿನ ಕೆಳಗೆ ಎಡಗಾಲಿರಲಿಲ್ಲ. "ಇವರಿಗೆ ನೀವೇ ಕಾಲು ಮಾಡಿ. ಹೊರಡೋ ಮುಂಚೆ ಅಭ್ಯಾಸ ಆಗುತ್ತೆ," ಎಂದರು ಮೇಡಂ.

ಗಡಿಯಾರದಜ್ಜ ಸೊಸೆಯ ಜೊತೆ ಬಂದರು. ಸೊಸೆ ಇಲ್ಲಿಯವಳೇ, ಮಾವನ ಭಾಷೆ ಕಲಿತಿದ್ದಳು. ಅಚ್ಚು ತೆಗೆದು ಬಟ್ಟಲು ಮಾಡಿ ತೊಡಿಸಿದ್ದಾಯಿತು, ಅಜ್ಜ ಕಂಬಿ ಹಿಡಿದು ನಡೆದದ್ದಾಯಿತು. ಮುಖದ ತುಂಬ ನಗು.

"ಹೇಗಿದೆ ಅಂತ ಕೇಳಮ್ಮ."

"ತುಂಬಾ ಚೆನ್ನಾಗಿದೆ ಅಂತಾರೆ."

"ನೋವಿದ್ರೆ ನನ್ನನ್ನ ಬೈಯೋಕೆ ಹೇಳು."

"ಅಯ್ಯೋ, ಅದನ್ನ ನಾನು ಹೇಗೆ ಹೇಳಲಿ ಅಕ್ಕ? ನಾಳೆಯಿಂದ ಮನೇಲಿ ನನ್ನ ಜೊತೆ ಮಾತು ಬಿಡ್ತಾರೆ!"

ಅಜ್ಜ ಮತ್ತೆ ನಡೆದರು. ಮತ್ತೆ ನಗು. ಅವಳು ಕಿವಿಯನ್ನೆಲ್ಲ ತೆರೆದು ನಿಂತಳು. ಕೇಳಿಸಿದ್ದು ಪಾದದ ಸದ್ದು ಮಾತ್ರ. ಏಕೋ ಸಂಕಟವಾಗಿ, ಸಾಕು ಎಂದು ಕೂರಿಸಿ ಬಟ್ಟಲು ಬಿಚ್ಚಿದಳು. ಮೂಳೆಯ ತುದಿಯ ಚರ್ಮ ಕೆಂಡದ ಹಾಗಾಗಿತ್ತು. ಇನ್ನು ಸ್ವಲ್ಪ ನಡೆಸಿದ್ದರೆ ಒಡೆಯುತ್ತಿತ್ತು. ಅಜ್ಜ ಅವಳ ಕಡೆ ನೋಡಿ ತಲೆ ಬಾಗಿಸಿದರು. ಬೈಗುಳಕ್ಕಿಂತ ಅದೇ ಅವಳಿಗೆ ಚುಚ್ಚಿತು.

ಸಂಜೆ ಮೇಡಂ ಮುಂದೆ ಹೋಗಿ ನಿಂತಳು. "ಅಲ್ಲಿ ನನ್ನನ್ನ ರೋಗಿಗಳ ಮುಂದೆ ನಿಲ್ಲಿಸಬೇಡಿ ಮೇಡಂ. ಹಿಂದಿನ ಕೋಣೇಲಿ ಅಚ್ಚು ಉಜ್ಜಿಕೊಂಡು ಇದ್ದುಬಿಡ್ತೀನಿ. ನಡೆಸಿ ನೋಡೋದು ಅಲ್ಲಿಯೋರೇ ನೋಡಿಕೊಳ್ಳಲಿ."

"ನಡೆಸಿ ನೋಡೋ ಅಭ್ಯಾಸ ಇರೋರು ಅಲ್ಲಿಲ್ಲ ಅಂತಲೇ ನಿಮ್ಮನ್ನ ಕರೆದಿರೋದು," ಎಂದರು ಮೇಡಂ. ಅವಳ ಮುಖ ನೋಡಿ ದನಿ ತಗ್ಗಿಸಿದರು. "ಆಯ್ತು, ಕೇಳಿ ನೋಡ್ತೀನಿ."

ಕೆಂಪು ಇಳಿಯಲೆಂದು ಒಂದು ವಾರ ಬಿಟ್ಟು ಅಜ್ಜನನ್ನು ಮತ್ತೆ ಕರೆಸಿದರು. ಈ ಸಲ ಅವಳು ಸೊಸೆಗೆ, "ನೀನು ಹೋಗಿ ಚಹಾ ಕುಡಿದು ಬಾರಮ್ಮ. ಸೊಸೆ ಮುಂದೆ ಯಾವ ಮಾವ ನರಳ್ತಾರೆ?" ಎಂದಳು.

ಬಾಗಿಲು ಮುಚ್ಚಿತು. ಇಬ್ಬರಿಗೂ ತಿಳಿಯುವ ಭಾಷೆ ಒಂದೂ ಇಲ್ಲ. ಅಜ್ಜ ಕಂಬಿಯತ್ತ ಕೈ ಚಾಚಿದರು. ಅವಳು ಎಡಗಡೆಯ ಕಂಬಿಗೆ ಬೆನ್ನು ಕೊಟ್ಟು ಅಡ್ಡ ನಿಂತು, ತನ್ನ ಹೆಗಲು ತಟ್ಟಿ ತೋರಿಸಿದಳು. ಅಜ್ಜ ಹಿಂಜರಿದರು, ಕತ್ತು ಅಲ್ಲಾಡಿಸಿದರು, ಗೋಡೆ ನೋಡಿದರು. ತಪ್ಪು ಮಾಡಿದೆನೇನೋ ಎಂದು ಅವಳಿಗೆ ಅನ್ನಿಸಿತು. ಆದರೂ ಜಾಗ ಬಿಡದೆ ನಿಂತಳು. ಎಷ್ಟೋ ಹೊತ್ತಿನ ಮೇಲೆ ಹೆಗಲ ಮೇಲೆ ಎರಡು ಬೆರಳು ಬಂದು ಕೂತವು, ಹಕ್ಕಿ ಕೂತಷ್ಟು ಹಗುರಾಗಿ.

ನಡೆದರು. ಅಜ್ಜನ ಮುಖದಲ್ಲಿ ಅದೇ ನಗು. ಆದರೆ ಎಡಗಾಲ ಮೇಲೆ ಭಾರ ಬಿದ್ದು ಹಿಮ್ಮಡಿ ಮೇಲೇಳುವ ಹೊತ್ತಿಗೆ ಬೆರಳುಗಳು ಅವಳ ಹೆಗಲನ್ನು ಕಚ್ಚಿಕೊಂಡವು. ಮತ್ತೊಂದು ಹೆಜ್ಜೆ, ಮತ್ತೆ ಅಲ್ಲೇ. ಅವಳು ಕೂರಿಸಿ, ಬಟ್ಟಲು ಬಿಚ್ಚಿ, ಬಿಸಿಗಾಳಿ ಹಾಯಿಸಿ ಆ ಜಾಗವನ್ನು ಕೊಂಚ ಹೊರಕ್ಕೆ ತಳ್ಳಿ, ಆರಿಸಿ, ಮತ್ತೆ ತೊಡಿಸಿದಳು. ಮತ್ತೆ ನಡೆದರು. ಒಮ್ಮೆ ಹೆಚ್ಚು ತಳ್ಳಿ ಬಟ್ಟಲು ಸಡಿಲವಾಯಿತು. ಅದಕ್ಕೊಂದು ಮೆತ್ತೆ ಅಂಟಿಸಿದಳು. ಮಧ್ಯಾಹ್ನವಾಗುವ ಹೊತ್ತಿಗೆ ಬೆರಳುಗಳು ಎರಡು ಹೋಗಿ ಐದಾಗಿದ್ದವು, ಬಿಗಿತ ಮಾತ್ರ ಇರಲಿಲ್ಲ. ಬಿಚ್ಚಿ ನೋಡಿದರೆ ಚರ್ಮ ತಿಳಿಗೆಂಪು, ಅಷ್ಟೇ. ದೇವರೇ, ಎಂದಳು.

ಉಪಕರಣ ಒರೆಸಿಡುತ್ತಿದ್ದಾಗ ಮೇಡಂ ಒಳಗೆ ಬಂದರು. "ನಿಮಗೊಂದು ಒಳ್ಳೆ ಸುದ್ದಿ. ಆ ಆಸ್ಪತ್ರೆಯವರ ಜೊತೆ ಮಾತಾಡಿದೆ. ಸುಲಭಕ್ಕೆ ಒಪ್ಪಲಿಲ್ಲ, ನಾನೇ ಒತ್ತಾಯ ಮಾಡಿದೆ. ಎಂಟು ತಿಂಗಳೂ ನೀವು ಹಿಂದಿನ ಕೋಣೇಲೇ ಇರಬಹುದು. ಒಬ್ಬ ರೋಗಿನೂ ನಿಮ್ಮ ಮುಂದೆ ಬರಲ್ಲ."

ಅವಳು ಬಟ್ಟೆ ಹಿಂಡುತ್ತ ನಿಂತಳು. ಭಯ ಇನ್ನೂ ಹಾಗೇ ಇತ್ತು, ಒಂದು ಗುಲಗಂಜಿಯಷ್ಟೂ ಕರಗಿರಲಿಲ್ಲ.

"ಬೇಡ ಮೇಡಂ."

"ನೀವೇ ತಾನೇ ಕೇಳಿದ್ದು?"

"ಕೇಳಿದ್ದೆ. ಹಿಂದಿನ ಕೋಣೇಲಿ ಕೂತ್ರೆ ಅವರ ನೋವೇನು ಕಡಿಮೆ ಆಗುತ್ತಾ? ನನಗೆ ಕಾಣಿಸಲ್ಲ, ಅಷ್ಟೇ. ಇವತ್ತು ಅಜ್ಜ ನನ್ನ ಹೆಗಲು ಹಿಡಿದೇ ನೋವು ಎಲ್ಲಿ ಅಂತ ತೋರಿಸಿದ್ರು."

"ಅಲ್ಲಿ ಎಲ್ಲರೂ ಈ ಅಜ್ಜನ ಹಾಗೆ ಹೆಗಲು ಹಿಡೀತಾರೆ ಅಂದ್ಕೊಂಡ್ರಾ?"

"ಇಲ್ಲ. ಇವರೇ ಹಿಡಿಯೋ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು. ಅಲ್ಲಿ ಇನ್ನೇನಾಗುತ್ತೋ ನನಗೇನು ಗೊತ್ತು?" ಎಂದಳು. "ನೀವು ಇಷ್ಟು ಕಷ್ಟಪಟ್ಟು ಒಪ್ಪಿಸಿದ್ದೀರಿ, ತಪ್ಪು ತಿಳೀಬೇಡಿ. ಇವತ್ತೇ ಫೋನ್ ಮಾಡಿ, ಬೇಡ ಅಂದುಬಿಡಿ."